ಹಗ್ಗದ ಮೇಲಿನ ಮೂರು ಲಂಗೋಟಿ

ಗರಡಿ ಮನೆಯ ನನ್ನ ತಾತನಿಗೆ,

ನಿನ್ನ ತಿಥಿಯ ದಿನ ಎಡೆಗೆ ಕೋಡುಬಳೆ ಇಟ್ಟು, ಏನೂ ಹೇಳದೆ ಎದ್ದುಬಂದೆ. ಹೇಳುವಷ್ಟು ಸಮಾಧಾನ ಎಲ್ಲಿತ್ತು? ನೀನು ಬೀಗದ ಕೈ ನನ್ನ ಕೈಗಿಟ್ಟು ಹೋದ ಗರಡಿ ಇನ್ನೇನು ಹೋಯಿತು ಅನ್ನುವ ಹಾಗಿತ್ತು. ಇವತ್ತು ನಿನಗೆ ಹೇಳುವಂಥ ಸುದ್ದಿಯೊಂದು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ಗೆಳತಿಯರನ್ನು ಕತ್ರಿಗುಪ್ಪೆಯ ನಮ್ಮ ಗರಡಿಗೆ ಕರೆತಂದಿದ್ದೆ, ನೆನಪಿದೆಯಾ? ರಸ್ತೆಗೆ ಎದುರಾಗಿ ಸಾಲಾಗಿ ನೇತಾಡುತ್ತಿದ್ದ ಪೈಲ್ವಾನರ ಲಂಗೋಟಿ ನೋಡಿ ಅವರು ಬಿದ್ದು ಬಿದ್ದು ನಕ್ಕಿದ್ದರು. "ಒಳಗೆ ಒಣಗಿಸ್ಬಾರ್ದಾ ತಾತ? ನನ್ ಮಾನ ಹೋಯ್ತು" ಅಂದೆ. "ಊರಿಗೆ ಮಾನ ಬಂದಿದ್ದೇ ಅದ್ರಿಂದ ಕಣವ್ವ" ಅಂದೆ ನೀನು. ಕುಸ್ತಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಕಲಸುತ್ತಲೇ ಕಥೆ ಹೇಳಿದೆ. ಸ್ವಾತಂತ್ರ್ಯ ಚಳವಳಿಯ ಬಾವುಟ ಹಿಡಿದವರನ್ನು ಪೊಲೀಸರು ಎಳೆದೊಯ್ಯುತ್ತಿದ್ದ ಕಾಲ ಅದು. ಗರಡಿಯ ನೀವು ಮೂವರು ಹುಡುಗರು ಸಾಮು ಮುಗಿಸಿ, ಲಂಗೋಟಿ ಒಗೆದು, ಗಾಡಿದಾರಿಗೆ ಕಾಣುವಂತೆ ಹಗ್ಗಕ್ಕೆ ಹಾಕುತ್ತಿದ್ದಿರಿ. ಮೊದಲು ಕೇಸರಿ, ಆಮೇಲೆ ಬಿಳಿ, ಕೊನೆಗೆ ಹಸಿರು. ಹೊಲಕ್ಕೆ ಹೋಗುವವರು ಒಂದು ಗಳಿಗೆ ನಿಂತು ಕೈಮುಗಿದು ಹೋಗುತ್ತಿದ್ದರಂತೆ. ದಫೇದಾರ ಗದರಿದರೆ ಗರಡಿಯವರೆಲ್ಲ ಒಂದೇ ಮಾತು, "ಒಗೆದ ಬಟ್ಟೆ ಒಣಗಿಸೋದೂ ತಪ್ಪಾ ಸ್ವಾಮಿ?" ಲಂಗೋಟಿಗೆ ಕೈಮುಗಿದ ಊರು ಇನ್ನೆಲ್ಲಾದರೂ ಇದೆಯಾ ತಾತ?

ಕೇಸರಿ ನಿನ್ನದು ಅಂತ ನೀನೇ ಹೇಳಿದೆ. ಉಳಿದಿಬ್ಬರು ಯಾರು ಅಂತ ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. "ಹಸಿರಿನೋನು ಹಗ್ಗದ ಹತ್ರಾನೇ ಸಿಕ್ಬಿದ್ದ. ಜೀವ ಹೋಗೋ ಹಂಗೆ ಹೊಡುದ್ರು. ನಮ್ಮಿಬ್ಬರ ಹೆಸರು ಹೇಳ್ಲಿಲ್ಲ. ನಾನು ಹೆಂಗವ್ವಾ ಅವನ ಹೆಸರು ಹೇಳ್ಲಿ? ಗರಡಿ ಮಣ್ಣು ಮುಟ್ಟಿ ಆಣೆ ಮಾಡಿದೀವಿ." ಸ್ವಾತಂತ್ರ್ಯ ಬಂದು, ನೀನು ಹಣ್ಣು ಮುದುಕನಾದ ಮೇಲೂ ಮುಗಿಯದ ಆಣೆ! ಎಂಥ ಹಟಮಾರಿಗಳು ನೀವು... ಆದರೂ ಆ ಸಾಲು ಒಂದು ದಿನವೂ ತಪ್ಪದಂತೆ ನೋಡಿಕೊಂಡಿದ್ದೇನೆ. ಈಗ ಬರುವ ಹುಡುಗರಿಗೆ ಯಾಕೆ ಅಂತ ಗೊತ್ತಿಲ್ಲ, ಹಾಕುವುದು ಮಾತ್ರ ಹಾಗೆಯೇ.

ನಂಜುಂಡಪ್ಪನವರು ಬಂದಾಗಲೂ ನಾನು ಆ ಹಗ್ಗದ ಕೆಳಗೇ ನಿಂತಿದ್ದೆ. ಗರಡಿಯ ಜಾಗ ಅವರ ಮನೆತನದ್ದು, ಅವರಪ್ಪ ಬರೀ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದು. "ಎದುರು ಅಪಾರ್ಟ್‌ಮೆಂಟಿನವರು ದಿನಾ ಕಂಪ್ಲೇಂಟ್ ಸುಮಾ. ಬಾಲ್ಕನಿಗೆ ಬಂದ್ರೆ ಲಂಗೋಟಿ ದರ್ಶನ ಅಂತೆ. ಪಿ.ಜಿ. ಕಟ್ಟೋ ಪಾರ್ಟಿ ಸಿಕ್ಕಿದೆ, ಭಾನುವಾರ ಜಾಗ ತೋರಿಸ್ತೀನಿ" ಅಂದರು. ನಾನು ನಿನ್ನ ಕಥೆ ಹೇಳಿದೆ. ಕೊನೆಯವರೆಗೂ ಕೇಳಿ, "ಚೆನ್ನಾಗಿದೆಯಮ್ಮ. ಸಾಕ್ಷಿ ಯಾರು?" ಅಂದರು. ಉಳಿದಿಬ್ಬರ ಹೆಸರು ನೀನು ಹೇಳಿದ್ದರಲ್ಲವೇ? ಆ ಕ್ಷಣ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಹಗ್ಗ ಖಾಲಿ. ಗಲಾಟೆ ಬೇಡವೆಂದು ಹುಡುಗರು ಲಂಗೋಟಿಗಳನ್ನೆಲ್ಲ ಒಳಗೆ ಮುದುರಿಟ್ಟಿದ್ದರು. ನನಗೆ ಮೈ ಉರಿದುಹೋಯಿತು. ಹೋಗುವುದಾದರೆ ತಲೆ ಎತ್ತಿಕೊಂಡೇ ಹೋಗಲಿ ಅಂತ ಮೂರನ್ನೂ ತಂದು ನಾನೇ ಹಾಕಿದೆ. ಅಷ್ಟರಲ್ಲಿ ಕಾರು ಬಂತು. ಬಿಲ್ಡರ್ ಶೂ ಕಾಲಲ್ಲೇ ಕೆಮ್ಮಣ್ಣಿಗೆ ಇಳಿಯಲು ಹೋದ. ಹುಡುಗರು ಅಡ್ಡ ನಿಂತರು. ಒಬ್ಬ ತೋಳೇರಿಸಿದ್ದೂ ಆಯಿತು. ಇನ್ನು ಹೊಡೆದಾಟವೇ ಅಂತ ನಾನು ನಡುವೆ ನುಗ್ಗಿದೆ.

ಕಾರಿನಿಂದ ನಂಜುಂಡಪ್ಪನವರ ತಾಯಿ ಚಿಕ್ಕತಾಯಮ್ಮ ಇಳಿದರು. ಜಾಗ ಅವರ ಹೆಸರಿನಲ್ಲೇ ಇದೆ, ಹೂಂ ಅನ್ನಬೇಕಾದವರು ಅವರೇ. ಕೋಲೂರಿಕೊಂಡು ನೆಟ್ಟಗೆ ಹಗ್ಗದ ಹತ್ತಿರ ಬಂದು ಹಸಿರು ಬಟ್ಟೆ ಹಿಡಿದು ನಿಂತರು.

"ಇದು ನಮ್ಮ ಯಜಮಾನ್ರದ್ದು" ಅಂದರು. "ಇದನ್ನ ಹಾಕ್ತಿರೋವಾಗ್ಲೇ ಪೊಲೀಸ್ರು ಹಿಡಿದಿದ್ದು, ಚಿಕ್ಕೋಳಿದ್ದಾಗ ಕಣ್ಣಾರೆ ನೋಡಿದೀನಿ. ಎಡಗಿವಿ ಅವತ್ತೇ ಹೋಯ್ತು."

ನಂಜುಂಡಪ್ಪನವರ ಮುಖ ಬಿಳಿಚಿಕೊಂಡಿತು. "ಅಪ್ಪ ಗಾಡಿಯಿಂದ ಬಿದ್ದಿದ್ದು ಅಲ್ವೇನಮ್ಮಾ?"

"ಹಂಗಂತ ಅವರು ಹೇಳ್ಕೊಂಡಿದ್ರು. ಮಣ್ಣು ಮುಟ್ಟಿ ಆಣೆ ಮಾಡಿದ್ರಲ್ಲ."

"ಹಂಗಾದ್ರೆ ಈಗ ನೀನು ಹೇಳ್ಬೋದಾ?"

"ನಾನೇನು ಮುಟ್ಟಿದ್ನಾ? ಹೆಂಗಸ್ರನ್ನ ಈ ಮಣ್ಣಿಗೆ ಯಾವತ್ತು ಬಿಟ್ಟಿದ್ರು ಇವರು?"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ ತಾತ. ಅಷ್ಟು ವರ್ಷ ನೀವು ಕಾಪಾಡಿದ ಗುಟ್ಟು! ಅಜ್ಜಿ ಮಗನ ಕಡೆ ತಿರುಗಿ, "ನಾನು ಹೂಂ ಅನ್ನಲ್ಲ" ಅಂದವರೇ ಕಾರು ಹತ್ತಿದರು. ಬಿಲ್ಡರ್ ಬಂದ ದಾರಿ ಹಿಡಿದ.

ಆದರೂ ನೆಮ್ಮದಿಯಿಲ್ಲ. ಅಜ್ಜಿಗೆ ತೊಂಬತ್ತು ದಾಟಿದೆ. ಅವರ ನಂತರ ಏನು? ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಇವತ್ತು ಮಧ್ಯಾಹ್ನ ನಂಜುಂಡಪ್ಪನವರ ಫೋನ್ ಬಂತು. ಮಾರುವ ಮಾತೇ ಇರಬೇಕು ಅಂದುಕೊಂಡೇ ಎತ್ತಿದೆ.

"ಸುಮಾ," ಅಂದರು, "ಅಪ್ಪಂದು ಬಣ್ಣ ಮಾಸಿದೆಯಲ್ಲಮ್ಮ. ಆ ಹಸಿರು ಬಟ್ಟೆ ಎಲ್ಲಿ ಸಿಗುತ್ತೆ? ನಾನೇ ತರ್ತೀನಿ."

ನಿನ್ನ,
ಸುಮಾ