ಒಂದೇ ಚುಕ್ಕಿ ಕೊಟ್ಟ ಮುತ್ತಣ್ಣನವರಿಗೆ

ಗದಗ
ಉಣ್ಣುವ ತಿಂಗಳ ನಾಲ್ಕನೆಯ ದಿನ, ೨೨೪೧

ಮಾನ್ಯ ಮುತ್ತಣ್ಣ ಅಣ್ಣಿಗೇರಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮಲ್ಲಿ ಹನ್ನೆರಡೇ ತಿಂಗಳು. ಸಾವಕಾಶವಾಗಿ ಕೂತು ಉಣ್ಣಲು ಅವು ಸಾಲದೆಂದು ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಡೆ ಅಂಚೆಯಲ್ಲಿ ನಮಗೆ ಜೀವಮಾನಕ್ಕೆ ಒಂದೇ ಪತ್ರದ ಅವಕಾಶ. ಅದನ್ನು ನಿಮಗೆ ಬರೆಯುತ್ತಿದ್ದೇನೆಂದು ತಿಳಿದು ನನ್ನ ಹೆಂಡತಿ, "ಯಾರರ ದೊಡ್ಡವರಿಗೆ ಬರೀತೀರಿ ಅಂದ್ಕೊಂಡಿದ್ದೆ. ಪುಂಡಿಪಲ್ಯಾ ಬೈದಾತಗ ಬರ್ಯಾಕ್ಹತ್ತೀರಲ್ರಿ!" ಎಂದು ಹಣೆ ಬಡಿದುಕೊಂಡಳು.

ನಿಮ್ಮ ಲೆಕ್ಕದಲ್ಲಿ ನಿನ್ನೆ ಮಧ್ಯಾಹ್ನ ನೀವು ನೀಲವ್ವಜ್ಜಿಯ ಖಾನಾವಳಿಯಲ್ಲಿ ಉಂಡು, ಸಿಟ್ಟಿನಿಂದ ಮೊಬೈಲ್ ತೆಗೆದು ಬೈದು ಬರೆದು, ಐದರಲ್ಲಿ ಒಂದೇ ಚುಕ್ಕಿ ಒತ್ತಿದಿರಿ. ಅದರ ಕತೆ ಇಲ್ಲಿಯವರೆಗೂ ಬಂದಿದೆ.

ನಮ್ಮಲ್ಲಿ ಬೀದಿಗೊಂದು ಒಲೆ. ಬೀದಿಯೊಲೆ ಎನ್ನುತ್ತೇವೆ. ಮನೆಯವರೆಲ್ಲ ತಾಟು ಹಿಡಿದು ಅಲ್ಲಿಗೇ ಬರುತ್ತಾರೆ. ಜಗಳ, ಮದುವೆ ಮಾತು, ಮಕ್ಕಳ ಅಭ್ಯಾಸ ಎಲ್ಲ ಅಲ್ಲೇ. ನಮ್ಮ ಒಲೆ ಶಂಕ್ರವ್ವನದು. ಆದರೆ ಒಂದು ಕಟ್ಟಳೆಯುಂಟು: ಪ್ರತಿ ವರ್ಷ ಉಣ್ಣುವ ತಿಂಗಳಲ್ಲಿ ಕಳೆದುಹೋದ ಒಂದು ರುಚಿಯನ್ನು ಎಬ್ಬಿಸಿ ಬಡಿಸಬೇಕು. ಆಗದಿದ್ದರೆ ಒಲೆ ಆರಿಸಿ, ಬೀದಿಯವರನ್ನೆಲ್ಲ ಸಮರುಚಿ ಮನೆಗೆ ಕಳಿಸುತ್ತಾರೆ. ಅಲ್ಲಿ ಯಂತ್ರ ಅಡುಗೆ ಮಾಡುತ್ತದೆ. ಅದನ್ನು ಯಾರೂ ಬೈಯುವುದಿಲ್ಲ. ಕೈ ತೊಳೆಯುವಷ್ಟರಲ್ಲಿ ತಿಂದದ್ದೇನೆಂದು ನೆನಪಿರುವುದೂ ಇಲ್ಲ.

ಈ ಸಮರುಚಿಯನ್ನು ಹೆತ್ತವರು ನಿಮ್ಮ ಕಾಲದವರೇ, ಸ್ವಾಮಿ. ನಿಮ್ಮ ಚುಕ್ಕಿಗಳನ್ನೆಲ್ಲ ನಾನು ಓದಿದ್ದೇನೆ. ಮಳೆ ಬಂತೆಂದು ಹೋಟೆಲಿನ ಚುಕ್ಕಿ ಕಿತ್ತವರಿದ್ದಾರೆ. ಬಡಿಸುವವನು ನಗಲಿಲ್ಲವೆಂದು, ಗಾಡಿ ನಿಲ್ಲಿಸಲು ನೆರಳಿಲ್ಲವೆಂದು ಕಿತ್ತವರಿದ್ದಾರೆ. ಹೆದರಿದ ಅಡುಗೆಯವರು ಖಾರ ಇಳಿಸಿದರು, ಹುಳಿ ಇಳಿಸಿದರು, ರೊಟ್ಟಿ ಮೆತ್ತಗೆ ಮಾಡಿದರು. ಕೊನೆಗೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ತಾಟು!

ಈ ವರ್ಷ ಶಂಕ್ರವ್ವ ಪುಂಡಿಪಲ್ಯ ಎಬ್ಬಿಸುವ ಹಟ ಹಿಡಿದಳು. ಪುಂಡಿ ಸೊಪ್ಪು ಹೊಲದ ಬದುವಿನಲ್ಲಿ ಇನ್ನೂ ಬೆಳೆಯುತ್ತದೆ. ಮಾಡುವ ಬಗೆ ತಿಳಿದವರು ಯಾರೂ ಉಳಿದಿಲ್ಲ. ಹಳೆಯದನ್ನು ಓದಬಲ್ಲವನೆಂದು ನನ್ನನ್ನು ಕರೆದಳು. ನೀಲವ್ವಜ್ಜಿಯ ಖಾನಾವಳಿಗೆ ಸಿಕ್ಕ ಐದು ಚುಕ್ಕಿಯ ಹೊಗಳಿಕೆಗಳನ್ನೆಲ್ಲ ಓದಿ ಹೇಳಿದೆ. "ಸೂಪರ್", "ತಪ್ಪದೇ ಬನ್ನಿ", "ಪುಂಡಿಪಲ್ಯ ಬೆಂಕಿ!"

"ಬೆಂಕಿ ನನ್ನ ಒಲ್ಯಾಗೂ ಐತ್ರಿ ಕಾಕಾ," ಎಂದಳು ಶಂಕ್ರವ್ವ. "ಪಲ್ಯಾ ಹೆಂಗ ಮಾಡೂದು, ಅದನ್ನ ಹೇಳ್ರಿ."

ಮತ್ತೆ ಮೊದಲಿನಿಂದ ಹುಡುಕಿದೆ. ಅಷ್ಟು ಜನ ಉಂಡಿದ್ದರು, ಒಬ್ಬನೂ ನಾಲಿಗೆಗೆ ಏನು ತಾಗಿತೆಂದು ಬರೆದಿರಲಿಲ್ಲ. ಆಗ ಕೆಳಗೆಲ್ಲೋ ನಿಮ್ಮ ಬೈಗುಳ ಸಿಕ್ಕಿತು:

"ಹುಳಿ ಅಂದ್ರ ಹುಳಿ, ಹಲ್ಲು ಜುಮ್ಮ ಅಂದ್ವು. ಜ್ವಾಳದ ನುಚ್ಚು ಅರ್ಧಾ ಬೆಂದಾವ, ಹಲ್ಲಿಗೆ ಸಿಗತಾವ. ಬಳ್ಳೊಳ್ಳಿ ಸುಲದೇ ಇಲ್ಲ, ಸಿಪ್ಪಿ ಸಮೇತ ಜಜ್ಜಿ ಒಗ್ಗರಣಿ ಕೊಟ್ಟಾರ. ಖಾರಕ್ಕ ಬರೇ ಹಸಿಮೆಣಸಿನಕಾಯಿ. ಇಷ್ಟು ಸಾಲದು ಅಂತ ಮ್ಯಾಲೆ ಹಸಿ ಕುಸಬಿ ಎಣ್ಣಿ ಸುರೀತಾರ. ಬ್ಯಾಡ ಅಂದ್ರೂ ಎರಡನೇ ಸಲ ಬಡಸ್ತಾಳ. ಸಪ್ಪಗ ಮಾಡಬೇ ಅಂದ್ರ, ನಿಮ್ಮನ್ಯಾಗ ಹೋಗಿ ಉಣ್ಣು ಅಂದ್ಲು ಮುದುಕಿ. ಒಂದ ಚುಕ್ಕಿ."

ಶಂಕ್ರವ್ವ ಸೆರಗು ಸಿಕ್ಕಿಸಿ ಎದ್ದಳು. ನೀವು ದೂರಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು. ಮೊದಲ ತುತ್ತಿಗೆ ಬೀದಿಗೆ ಬೀದಿಯೇ ಮುಖ ಕಿವಿಚಿತು. ಎರಡನೆಯದಕ್ಕೆ ತಾಟು ಬಳಿದರು. ಆಮೇಲೆ ತಾಟು ಹಿಡಿದು ನೂಕಾಡಿದರು. ಕಟ್ಟಳೆ ನೋಡಿಕೊಳ್ಳುವವರು ಬಂದು, ಉಂಡು, ಬೆರಳು ನೆಕ್ಕಿ, ಒಲೆ ಉರಿಯಲಿ ಎಂದು ಬರೆದುಕೊಟ್ಟರು. ನಿಮ್ಮ ಹೆಸರು ಹಿಡಿದು ಕೂಗಿ ಕುಣಿದಿದ್ದೇವೆ, ಮುತ್ತಣ್ಣನವರೇ.

ಆದರೆ ನಿಮ್ಮದರ ನಂತರದ ಬರಹವನ್ನೂ ನಾನು ಓದಿದೆ. ನಿಮ್ಮ ನಂತರ ಉಂಡ ಇನ್ನಾರೋ ಬರೆದದ್ದು: "ಈಗ ಪುಂಡಿಪಲ್ಯ ಸಿಹಿಯಾಗಿದೆ, ಮೆತ್ತಗಿದೆ. ಐದು ಚುಕ್ಕಿ." ಎದುರಿಗೆ ಜೋರು ಮಾಡಿದ ಅಜ್ಜಿ ನಿಮ್ಮ ಒಂದು ಚುಕ್ಕಿಗೆ ಹೆದರಿ ಅಡುಗೆಯ ಕೈ ಬದಲಿಸಿದ್ದಳು. ಆ ರುಚಿ ಕಳೆದದ್ದು ಅಲ್ಲೇ. ಕಳೆದವರೂ ನೀವೇ, ಕಾದಿಟ್ಟವರೂ ನೀವೇ.

ಆದ್ದರಿಂದ ನಾಳೆ ಮಧ್ಯಾಹ್ನ ಮತ್ತೆ ಹೋಗಿ. ಬೈಯುವುದಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೈಯಿರಿ. ಅಜ್ಜಿಯೂ ತಿರುಗಿ ಬೈಯಲಿ. ಕೈ ಮಾತ್ರ ಬದಲಿಸಬೇಡವೆಂದು ಹೇಳಿ. ನೀವು ಹೋದರೆ ರುಚಿ ಕಳೆಯುವುದೇ ಇಲ್ಲ. ಹಾಗಾದರೆ ಶಂಕ್ರವ್ವ ಎಬ್ಬಿಸಿದ್ದು ಲೆಕ್ಕಕ್ಕೆ ಬಾರದೆ ಅವಳ ಒಲೆ ಆರಬಹುದು. ಕಾಗದ ಹಾಕುವ ಮೊದಲು ಅವಳನ್ನೇ ಕೇಳಿದೆ. ರೊಟ್ಟಿ ಬಡಿಯುತ್ತಲೇ ಅಂದಳು:

"ಹಾಕ್ರಿ ಕಾಕಾ. ಆ ಮುದುಕಿ ಕೈ ಉಳೀಲಿ. ನಾ ಇನ್ನೊಂದು ಅಡಗಿ ಹುಡುಕ್ತೀನಿ. ಹಂಗ ನಿಮ್ಮ ಮುತ್ತಣ್ಣಗ ಒಂದು ಮಾತು ಕೇಳ್ರಿ, ಬ್ಯಾರೆ ಎಲ್ಲೆರ ಉಂಡು ಬೈದಾನೇನು ಅಂತ."

ಬೈದಿದ್ದರೆ, ಅಳಿಸಬೇಡಿ.

ನಿಮ್ಮ ಋಣದಲ್ಲಿ ಉಂಡವನು,
ಕಳಕಪ್ಪ ಲಕ್ಕುಂಡಿ