ಎರಡು ಒನಕೆ, ಒಂದು ಲೈನು

ಬೆಳಂಬಾರ
ನವೆಂಬರ್ ೧೬, ಭಾನುವಾರ

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕುತ್ತೀಯೋ, ಬಾಟಲಿ ಚೀಲದಲ್ಲೇ ಉಳಿದಿದೆಯೋ? ಊರಿಗೆಲ್ಲ ಫೋನು ಜೋಡಿಸುವ ಮಗಳು ನಿನಗೆ ಪತ್ರ ಬರೆಯಬೇಕಾಗಿದೆ ನೋಡು. ರಾಮನಗುಳಿಯಲ್ಲಿ ಹುಲಿಯಾ ಮಾವನ ಮನೆಗೆ ಸಿಗ್ನಲ್ ಇಲ್ಲ. ಗುಡ್ಡ ಹತ್ತಿದರೆ ಸಿಗುತ್ತದಂತೆ, ನೀನು ಹತ್ತುವವಳಲ್ಲ. ದೀಪಾವಳಿಯ ಅವಲಕ್ಕಿ ಕುಟ್ಟುವಾಗ ಗಂಗೆ ಚಿಕ್ಕಮ್ಮನ ಜೊತೆ ಜಗಳವಾಡಿ, ಮುಖ ಊದಿಸಿಕೊಂಡು ಬಸ್ಸು ಹತ್ತಿದವಳು ಇನ್ನೂ ತಿರುಗಿ ಬಂದಿಲ್ಲ. ಸಾಕು, ಮನೆಗೆ ಬಾ. ನೀನಿಲ್ಲದೆ ನನಗೆ ಮನೆಯೇ ಸೇರುತ್ತಿಲ್ಲ.

ಇನ್ನು ಸಂತೋಷದ ಸುದ್ದಿ. ಕಾರವಾರದ ಆಸ್ಪತ್ರೆಯೊಂದರ ಫೋನಿನ ಕೆಲಸವನ್ನು ಜಗದೀಶ ಸರ್ ಮೊದಲ ಬಾರಿಗೆ ನನ್ನೊಬ್ಬಳ ಕೈಗೆ ಕೊಟ್ಟರು. ಫೋನ್ ಕಂಪನಿಯಿಂದ ಬರುವ ಒಂದೇ ಡಿಜಿಟಲ್ ಲೈನಿನಲ್ಲಿ ಮೂವತ್ತು ಜನ ಒಟ್ಟಿಗೆ ಮಾತಾಡಬಹುದು. ಅದನ್ನು ರೂಟರ್ ಎಂಬ ಪೆಟ್ಟಿಗೆಗೆ ಸಿಕ್ಕಿಸಿ, ಲೈನು ಯಾವ ಬಗೆಯದು, ಯಾವ ಕರೆ ಎಲ್ಲಿಗೆ ಹೋಗಬೇಕು ಎಂದು ಕಂಪ್ಯೂಟರಿನಿಂದ ಹೇಳಿಕೊಡಬೇಕು. ಎಲ್ಲ ಹೇಳಿಕೊಟ್ಟೆ. ಹಸಿರು ದೀಪವೂ ಹೊತ್ತಿತು. ಆದರೆ ಮಾತಿನ ನಡುನಡುವೆ ಟಕ್, ಟಕ್! ವೈರು ಬದಲಿಸಿದೆ, ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದೆ. ಕೊನೆಗೆ ಅಳುವೇ ಬಂತು.

ಈ ಸದ್ದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ನಿಮ್ಮಿಬ್ಬರ ಒನಕೆ! ಒಂದೇ ಒರಳಿಗೆ ಇಬ್ಬರು ಕುಟ್ಟುವಾಗ "ಒಬ್ಳು ಪೆಟ್ಟು ಹಾಕ್ಬೇಕು, ಇನ್ನೊಬ್ಳು ಅವಳ್ನ ನೋಡ್ಕಂಡು ಹಾಕ್ಬೇಕು" ಎಂದು ನನಗೆ ಕಲಿಸಿದವಳು ನೀನೇ. ಆ ದಿನ ಮಾತ್ರ ಇಬ್ಬರೂ ನಾನೇ ಮುಂದೆ ಎಂದು ಹಟ ಹಿಡಿದು, ಒನಕೆಗೆ ಒನಕೆ ಬಡಿದು, ಅವಲಕ್ಕಿ ಅಂಗಳವೆಲ್ಲ ಹಾರಿತ್ತು. ಲೈನಿಗೂ ಒಂದು ತಾಳವಿದೆ ಅವ್ವಾ. ಕಂಪನಿಯ ಗಡಿಯಾರ ಆ ತಾಳ ಕೊಡುತ್ತದೆ, ನಮ್ಮ ಪೆಟ್ಟಿಗೆ ಅದರ ಹಿಂದೆ ಹೋಗಬೇಕು. ನಾನೋ, ನಿನ್ನದೇ ಗಡಿಯಾರ ನಡೆಸು ಎಂದು ಪೆಟ್ಟಿಗೆಗೆ ಹೇಳಿಬಿಟ್ಟಿದ್ದೆ! ಆ ಒಂದು ಸಾಲು ತಿದ್ದಿದೆ. ಸದ್ದು ನಿಂತಿತು. ಅಲ್ಲೇ ಕುಣಿದುಬಿಟ್ಟೆ. ನರ್ಸ್ ಸುಗಂಧಾ "ಎಂತಾ ಆಯ್ತೇ ನಿಂಗೆ?" ಎಂದು ಓಡಿ ಬಂದರು. ಮುಂದಿನ ಕೆಲಸವೂ ನನಗೇ ಎಂದಿದ್ದಾರೆ ಜಗದೀಶ ಸರ್.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ಎಣ್ಣೆ ಮರೆಯಬೇಡ.

ನಿನ್ನ ಮಗಳು
ಭವ್ಯಾ

ತಾ.ಕ.: ರಾಮನಗುಳಿಗೆ ಪತ್ರ ಒಯ್ಯಲು ಪಕ್ಕದ ಮನೆಯ ಸುಕ್ರ ಬೈಕು ಚಾಲೂ ಮಾಡಿ ಕೂಗುತ್ತಿದ್ದಾನೆ. ಹೇಳಬೇಕಾದದ್ದೇ ಉಳಿಯಿತು. ಲೈನು ಸರಿಯಾದ ಮೇಲೆ ಮೊದಲ ಕರೆ ಮನೆಗೇ ಮಾಡಿದೆ. ಗುರುತಿಲ್ಲದ ನಂಬರು ನೋಡಿ ಚಿಕ್ಕಮ್ಮ, ನಾನು ಬಾಯಿ ತೆರೆಯುವ ಮೊದಲೇ, "ಅಕ್ಕಾ? ನೀನೇ ಅಲ್ದಾ? ಬಾರೇ ಮಾರಾಯ್ತಿ, ಈ ಸಲ ನಿನ್ನ ಒನಕೆನೇ ಮುಂದೆ, ನಾ ನೋಡ್ಕಂಡು ಹಾಕ್ತೆ" ಎಂದಳು. ಒಂದು ಟಕ್ ಕೂಡ ಇಲ್ಲದೆ ಕೇಳಿಸಿತು. ನಾನು ಸುಮ್ಮನೆ ಫೋನಿಟ್ಟೆ. ಮಾತಾಡಿದ್ದು ನಿನ್ನ ಹತ್ತಿರವೇ ಎಂದು ನಂಬಿ ಇವತ್ತು ಹೊಸ ಭತ್ತ ನೆನೆಹಾಕಿದ್ದಾಳೆ. ನಾಳೆ ಮೊದಲ ಬಸ್ಸಿಗೇ ಬಾ.