ನಮ್ಮ ಮೀಟರಿಗೆ ಬೇರೆಯವರ ಹೆಸರು

ರಾಜ್ಯ ವಿದ್ಯುತ್ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳೇ,

ಆಗಸ್ಟಿನ ಒಂದು ಶುಕ್ರವಾರ ನನ್ನ ಮನೆಯ ಮೀಟರು ನನ್ನದಾಗಿರಲಿಲ್ಲ. ಅದು ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಅಣ್ಣ ಕ್ಲೋವಿಸ್ ಸತ್ತಿದ್ದ.

ಕರೆಂಟ್ ಕಂಪನಿಯನ್ನು ತಾವೇ ಆರಿಸಿಕೊಳ್ಳಲು ಹ್ಯೂಸ್ಟನ್ನಿನ ಬಾಡಿಗೆದಾರರಿಗೆ ನೀವು ದಯಪಾಲಿಸಿರುವ ಸ್ವಾತಂತ್ರ್ಯ ದೊಡ್ಡದು, ಒಪ್ಪುತ್ತೇನೆ. ನೂರಾ ಹದಿನೆಂಟು ಪ್ಲಾನುಗಳು! ಸಾವಿರ ಯೂನಿಟ್ ಸುಟ್ಟರೆ ಅಗ್ಗ, ಒಂದು ಯೂನಿಟ್ ಕಡಿಮೆಯಾದರೆ ದುಬಾರಿ. ರಾತ್ರಿ ಪುಕ್ಕಟೆ, ಹಗಲು ಸುಲಿಗೆ. ಶಾಲೆಯ ಅಡುಗೆಮನೆಯಲ್ಲಿ ಐನೂರು ಮಕ್ಕಳಿಗೆ ಬೇಯಿಸಿ ಬಂದು, ಮೂರು ಸಂಜೆ ಕೂತು ಆ ಪಟ್ಟಿ ಓದಿದೆ. ಅಣ್ಣ ಮೂಗಿನ ಆಕ್ಸಿಜನ್ ನಳಿಗೆ ಸರಿಮಾಡಿಕೊಂಡು ನಕ್ಕ: "ಏನೇ ವರ್ಲೀನ್, ಕರೆಂಟ್ ಆರಿಸೋಕೆ ಮೂರು ದಿನ! ಗಂಡನ್ನ ಆರಿಸುವಾಗ ಮೂರು ನಿಮಿಷನೂ ಯೋಚನೆ ಮಾಡ್ಲಿಲ್ವಲ್ಲೇ!"

ಅವನಿಗಾಗಿಯೇ ಆರಿಸಿದ್ದೆ. ಅವನು ಉಸಿರಾಡುತ್ತಿದ್ದದ್ದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಆಕ್ಸಿಜನ್ ಯಂತ್ರದಿಂದ. ಮುನ್ಸೂಚನೆಯಿಲ್ಲದೆ ಈ ಮನೆಯ ಸಂಪರ್ಕ ಕಡಿಯಬಾರದು ಎಂಬ ವೈದ್ಯರ ಪತ್ರವನ್ನು ಕಂಪನಿಗೆ ಕೊಟ್ಟು, ಮೊಹರು ಹಾಕಿಸಿ, ಕಂಪನಿಯ ಫೋನ್ ನಂಬರಿನೊಂದಿಗೆ ಫ್ರಿಜ್ಜಿಗೆ ಅಂಟಿಸಿದ್ದೆ.

ನಮ್ಮ ಆವರಣದಲ್ಲಿ ಏಳು ಕಟ್ಟಡಗಳಿವೆ, ಏಳರಲ್ಲೂ 207 ಇದೆ. ಆರನೆಯ ಕಟ್ಟಡದ 207ಕ್ಕೆ ಹೊಸದಾಗಿ ಬಂದ ಯೆಸೆನಿಯಾ ಎಂಬ ಹುಡುಗಿ ಆನ್‌ಲೈನಿನಲ್ಲಿ ಪ್ಲಾನ್ ಆರಿಸುವಾಗ, ಪಟ್ಟಿಯಲ್ಲಿ ಮೊದಲು ಕಂಡ 207 ಅನ್ನು ಒತ್ತಿದಳು. ಅದು ನಮ್ಮದು. ಅಷ್ಟಕ್ಕೇ ಮೀಟರು ಅವಳ ಹೆಸರಿಗೆ ಹೋಯಿತು, ನನ್ನ ಖಾತೆ ರದ್ದು. ವೈದ್ಯರ ಪತ್ರ ಖಾತೆಗೆ ಸೇರಿದ್ದರಿಂದ ಅದೂ ರದ್ದು. ತನ್ನ ಮನೆಗೆ ಮಾತ್ರ ದೀಪ ಬರಲಿಲ್ಲವೆಂದು ಅವಳು ಬೇಸತ್ತು ಪ್ಲಾನ್ ಬಿಟ್ಟಳು. ಮೀಟರಿಗೆ ಈಗ ಗ್ರಾಹಕರೇ ಇಲ್ಲವೆಂದು ಎಲ್ಲೋ ಕೂತ ಯಾರೋ ಗುಂಡಿ ಒತ್ತಿ ನಮ್ಮ ಕರೆಂಟ್ ತೆಗೆದರು. ಒಬ್ಬರಾದರೂ ಬಂದು ಬಾಗಿಲು ತಟ್ಟಿದರೇ? ಖಾತೆ ಬದಲಾಗಿದೆಯೆಂಬ ತಿಳಿವಳಿಕೆಯ ಕಾರ್ಡು ಅಂಚೆಯಲ್ಲಿ ಬಂತು, ಸುಳ್ಳು ಹೇಳಲಾರೆ. ಅಣ್ಣನನ್ನು ಮಣ್ಣು ಮಾಡಿದ ಮರುದಿನ ಬಂತು.

ನಾನು ಕೆಲಸದಿಂದ ಬಂದಾಗ ಮನೆ ಒಲೆಯಂತೆ ಕಾದಿತ್ತು. ತುರ್ತಿಗೆಂದು ಇಟ್ಟ ಸಣ್ಣ ಸಿಲಿಂಡರ್ ಖಾಲಿ. ಅಣ್ಣ ಕುರ್ಚಿಯಲ್ಲೇ ಇದ್ದ, ಉಸಿರಿರಲಿಲ್ಲ. ಕೈಯಲ್ಲಿನ ಫೋನಿನಿಂದ ಇನ್ನೂ ಸಂಗೀತ ಬರುತ್ತಿತ್ತು. ಕಂಪನಿಯವರು ಅವನ ಕರೆಯನ್ನು ಐವತ್ತೆರಡು ನಿಮಿಷ ಕಾಯಿಸಿದ್ದರು. ನಾನು ಕಿತ್ತುಕೊಂಡು ಕಿವಿಗಿಟ್ಟಾಗಲೇ ಧ್ವನಿ ಬಂತು. ಹೆಸರು, ವಿಳಾಸ ಹೇಳಿದ್ದಕ್ಕೆ ಸಿಕ್ಕ ಉತ್ತರ: "ಮೇಡಂ, ಈ ವಿಳಾಸದಲ್ಲಿ ನಿಮ್ಮ ಹೆಸರೇ ಇಲ್ಲ."

"ನಾನು ಇಲ್ಲೇ ನಿಂತಿದ್ದೀನಲ್ರೀ!"

"ಗ್ರಾಹಕರಲ್ಲದವರಿಗೆ ಮಾಹಿತಿ ಕೊಡೋ ಹಾಗಿಲ್ಲ ಮೇಡಂ."

ಆಂಬುಲೆನ್ಸನ್ನು ಯಾಕೆ ಕರೆಯಲಿಲ್ಲ ಎಂದು ನಿಮ್ಮ ಕಚೇರಿಯವರು ಕೇಳಿದರು. ಸ್ವಾಮೀ, ನನ್ನ ಪೆದ್ದ ಅಣ್ಣ ಆ ಪತ್ರದ ಮೊಹರನ್ನು ನಂಬಿ ಕಂಪನಿಗೇ ಫೋನ್ ಮಾಡಿದ್ದ. ನಂಬಿಸಿದವಳು ನಾನು. ಆ ಪಾಪ ನನ್ನನ್ನು ಸುಡುತ್ತಿದೆ.

ಯೆಸೆನಿಯಾ ಬಂದು ಹೊಸಿಲಲ್ಲೇ ಅತ್ತಳು. "ಎಲ್ಲಾ 207 ಅಂತಾನೇ ಇತ್ತು ಆಂಟಿ, ಒತ್ತಿಬಿಟ್ಟೆ." ಅವಳನ್ನು ಏನೆಂದು ಬೈಯಲಿ? ನಾನಾದರೂ ಹಾಗೇ ಒತ್ತುತ್ತಿದ್ದೆ. ಒಂದು ಬೆರಳು ತಪ್ಪಿದರೆ ಪರರ ಉಸಿರು ನಿಲ್ಲುವಂಥ ಪಟ್ಟಿ ಮಾಡಿದ್ದು ಅವಳಲ್ಲ.

ನನ್ನ ಬೇಡಿಕೆ ಇಷ್ಟೇ: ವೈದ್ಯರ ಪತ್ರ ಕಂಪನಿಯ ಖಾತೆಗಲ್ಲ, ಮೀಟರಿಗೆ ಅಂಟಿರಲಿ. ಆ ಮೀಟರಿನ ಹೆಸರು ಬದಲಾಯಿಸುವ ಮುನ್ನ ಮನುಷ್ಯರೊಬ್ಬರು ಬಂದು, ಒಳಗಿರುವವರನ್ನು ಕೇಳಲಿ. ಆದೇಶದ ಪ್ರತಿ ನನಗೆ ಕಳಿಸಿ. ನಾಲ್ಕನೆಯ ಕಟ್ಟಡದ 112ರಲ್ಲಿ ಇನ್ನೊಬ್ಬ ಮುದುಕಿ ಅಂಥದೇ ಯಂತ್ರ ಹಾಕಿಕೊಂಡು ಮಲಗಿದ್ದಾಳೆ. ಆ ನಂಬರಿನ ಮನೆಗಳೂ ಏಳಿವೆ.

ಇಂತಿ,
ಆಯ್ಕೆಯ ಸ್ವಾತಂತ್ರ್ಯ ಸಾಕಾದ ಬಾಡಿಗೆದಾರಳು,
ವರ್ಲೀನ್ ಗಿಡ್ರಿ